ವೃತ್ತಿಗಲ್ಲದ ವಿದ್ಯೆ

ಜೀವವಿಮಾಗಣಿತದ ಕಠಿನ ಪರೀಕ್ಷೆಗಳಿಗೆ, ಆ ವೃತ್ತಿಯನ್ನು ಎಂದೂ ಹಿಡಿಯದವನೊಬ್ಬನು ಕೇವಲ ವಿನೋದಕ್ಕಾಗಿ ಓದುವನೆಂದರೆ ಲೋಕವು ನಗುವುದು. ಆದರೆ ಈ ಶಾಸ್ತ್ರದ ಬೀಜವನ್ನು ಬಿತ್ತಿದವನೇ ಹೊರಗಿನವನು. ಲಂಡನ್ನಿನ ಜವಳಿ ವ್ಯಾಪಾರಿಯಾದ ಜಾನ್ ಗ್ರಾಂಟನು ನಗರದ ಮರಣಪಟ್ಟಿಗಳನ್ನು ಕೂಡಿಸಿ ನೋಡಿ, ಹುಟ್ಟಿದ 100 ಶಿಶುಗಳಲ್ಲಿ 36 ಆರು ವರ್ಷ ತುಂಬುವುದರೊಳಗೆ ಅಳಿಯುವುವೆಂದು 1662ರಲ್ಲಿ ಪ್ರಕಟಿಸಿದನು. ಆ ಪಟ್ಟಿಗಳಲ್ಲಿ ಸತ್ತವರ ವಯಸ್ಸೇ ಇರಲಿಲ್ಲ. ರೋಗಗಳ ಹೆಸರಿನಿಂದಲೇ ಅವನು ಊಹಿಸಬೇಕಾಯಿತು. ಆ 36ರ ಹಿಂದೆ ಎಷ್ಟು ತಾಯಂದಿರೋ! ಇಂತಹ ಅಂಕಿಗಳನ್ನು ವಿನೋದವಾಗಿಸುವುದು ಧರ್ಮವೆ? ಲಾಭವನ್ನು ಬಯಸದೆ ಅವುಗಳ ಮುಂದೆ ಕುಳಿತವನನ್ನು ನಿರ್ದಯನೆನ್ನಲಾಗದು. ಆದರೂ ಹವ್ಯಾಸಿಗೆ ಒಂದು ಕೊರತೆಯುಂಟು. ವೃತ್ತಿಗಾರನ ಲೆಕ್ಕ ತಪ್ಪಿದರೆ ಯಾವಳೋ ವಿಧವೆಯ ಜೀವನಾಂಶವು ಕುಗ್ಗುವುದು. ಇವನದು ತಪ್ಪಿದರೆ ಕಾಗದ ಮಾತ್ರ ಹಾಳು. ಆ ಭಯವನ್ನು ಇವನು ಎಲ್ಲಿಂದ ತಂದುಕೊಳ್ಳಬೇಕು?