ಇಂದಿನ ಧಮ್ಮ ಚಿಂತನೆ: ಮಂಗಳದ ದಾರಿಯ ನೀರು

 

ಮನುಷ್ಯರನ್ನು ಮಂಗಳ ಗ್ರಹಕ್ಕೆ ಕಳಿಸುವುದು ಧಮ್ಮಕ್ಕೆ ಒಪ್ಪುತ್ತದೆಯೇ ಎಂದು ನಮ್ಮ ವಲಯದ ಯುವಕರೊಬ್ಬರು ಕೇಳಿದ್ದಾರೆ. ತಿಳಿಯುವ ಹಂಬಲಕ್ಕೆ ಧಮ್ಮ ಅಡ್ಡಿಯಲ್ಲ. ಆದರೆ ನನಗೆ ಅಂಗುತ್ತರ ನಿಕಾಯದ ರೋಹಿತಸ್ಸ ಸುತ್ತ ನೆನಪಾಗುತ್ತದೆ. ಆಕಾಶದಲ್ಲಿ ನಡೆಯಬಲ್ಲ ರೋಹಿತಸ್ಸನೆಂಬ ಋಷಿ ಲೋಕದ ಕೊನೆ ಮುಟ್ಟಲು ಹೊರಟನಂತೆ (ಪವಾಡವನ್ನು ಕಥೆಯೆಂದೇ ಓದಿ). ಉಣ್ಣಲು, ಕುಡಿಯಲು, ಮಲಮೂತ್ರಕ್ಕೆ, ನಿದ್ದೆಗೆ ಬಿಟ್ಟರೆ ನೂರು ವರ್ಷ ಎಲ್ಲೂ ನಿಲ್ಲದೆ ನಡೆದು ದಾರಿಯಲ್ಲೇ ಸತ್ತ. ಲೋಕವೂ ಅದರ ಕೊನೆಯೂ ಮಾರುದ್ದದ ಈ ದೇಹದಲ್ಲೇ, ಈ ಮನಸ್ಸಿನಲ್ಲೇ ಇದೆ ಎಂಬುದು ಬುದ್ಧರ ಉತ್ತರ.

ಸುತ್ತ ಮಲಮೂತ್ರವನ್ನೂ ಮರೆತಿಲ್ಲ, ನೋಡಿ. ಮಂಗಳಕ್ಕೆ ಹೋಗಲು 6ರಿಂದ 9 ತಿಂಗಳು ಬೇಕು. ಎರಡು ಗ್ರಹಗಳು ಪ್ರಯಾಣಕ್ಕೆ ಅನುಕೂಲವಾಗಿ ಬರುವುದು ಸುಮಾರು 26 ತಿಂಗಳಿಗೊಮ್ಮೆ. ಹಾಗಾಗಿ ಹೋಗಿಬರಲು ಎರಡೂವರೆ, ಮೂರು ವರ್ಷ. ಅಷ್ಟು ನೀರು ಹೊತ್ತೊಯ್ಯಲಾಗದು. ಎಲ್ಲರ ಮೂತ್ರ, ಬೆವರು, ಉಸಿರಿನ ತೇವವನ್ನೇ ಶುದ್ಧ ಮಾಡಿ ಎಲ್ಲರೂ ಕುಡಿಯಬೇಕು. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿ ಇದು ಆಗಲೇ ನಡೆಯುತ್ತಿದೆ. 2023ರಲ್ಲಿ ನೂರಕ್ಕೆ 98 ಭಾಗ ನೀರು ಮರಳಿ ಸಿಗುವ ಮಟ್ಟ ಮುಟ್ಟಿತು. ಅಲ್ಲಿ ಕಕ್ಕಸು ತೊಳೆಯುವವರೂ ಗಗನಯಾತ್ರಿಗಳೇ.

1927ರ ಮಾರ್ಚ್ 20ರಂದು ಬಾಬಾಸಾಹೇಬರು ಮಹಾಡ್‌ನ ಚೌದಾರ್ ಕೆರೆಯ ನೀರು ಕುಡಿದರು. ನಮ್ಮವರು ಮುಟ್ಟಿದರೆಂದು ಆ ಕೆರೆಗೆ ಸಗಣಿ, ಗಂಜಲ ಸುರಿದು ‘ಶುದ್ಧಿ’ ಮಾಡಿದರು. ಅಂಥವರು ಮಂಗಳದ ನೌಕೆ ಹತ್ತಿದರೆ ಏನು ಕುಡಿದಾರು?

ನಗಬಹುದು. ಆದರೆ ವಿಧಿಯಿಲ್ಲದೆ ಕುಡಿದ ನೀರು ಮನಸ್ಸನ್ನು ತೊಳೆಯುತ್ತದೆಂದು ನಾನು ನಂಬುವುದಿಲ್ಲ. ಬೇರೆ ಆಕಾಶಕಾಯಗಳನ್ನು ಹಾನಿಯಾಗುವಂತೆ ಮಲಿನಗೊಳಿಸಬಾರದೆಂದು 1967ರ ಬಾಹ್ಯಾಕಾಶ ಒಪ್ಪಂದ ಹೇಳುತ್ತದೆ. ಮಂಗಳದಲ್ಲಿ ಇಳಿಯಲಿದ್ದ ವೈಕಿಂಗ್ ನೌಕೆಗಳನ್ನು 1975ರಲ್ಲಿ ಕಳಿಸುವ ಮೊದಲು ಬಿಸಿಯಲ್ಲಿಟ್ಟು ಸೂಕ್ಷ್ಮಾಣುಗಳನ್ನು ಕೊಂದಿದ್ದರು. ಮನುಷ್ಯನನ್ನು ಹಾಗೆ ಕಾಯಿಸಲಾದೀತೆ? ಹೊಟ್ಟೆಯೊಳಗಿನದರ ಜೊತೆ ತಲೆಯೊಳಗಿನದೂ ಹೋಗುತ್ತದೆ. ಹಿಂದೂಗಳು ವಲಸೆ ಹೋದರೆ ಜಾತಿ ಇಡೀ ಲೋಕದ ಸಮಸ್ಯೆಯಾದೀತೆಂಬ ಕೇತ್ಕರರ ಮಾತನ್ನು ಬಾಬಾಸಾಹೇಬರು 1916ರಲ್ಲೇ, ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಓದಿದ ಪ್ರಬಂಧದಲ್ಲಿ ಎತ್ತಿಕೊಂಡಿದ್ದರು. 2023ರಲ್ಲಿ ಅಮೆರಿಕದ ಸಿಯಾಟಲ್ ನಗರ ಜಾತಿ ತಾರತಮ್ಯ ನಿಷೇಧಿಸುವ ಕಾನೂನನ್ನೇ ಮಾಡಬೇಕಾಯಿತು.

ಹೋಗುವವರು ವಿಕಿರಣದ ಅಪಾಯ ತಿಳಿದು, ಒಪ್ಪಿಯೇ ಹೋಗುತ್ತಾರೆ. ಮುಂದೊಂದು ದಿನ ಅಲ್ಲೇ ನೆಲೆಸಿದರೆ, ಅಲ್ಲಿ ಹುಟ್ಟುವ ಮಗುವನ್ನು ಮಾತ್ರ ಯಾರೂ ಕೇಳಿರುವುದಿಲ್ಲ. ಕಕ್ಕಸಿನ ಯಂತ್ರ ಕೆಟ್ಟಾಗ ಕೈಹಾಕುವ ಪಾಳಿ ಎಲ್ಲರಿಗೂ ಬರುತ್ತದೆಯೇ, ಇಲ್ಲ ಆ ಮಗುವಿಗೆ ಅಪ್ಪನಿಂದಲೇ ಬರುತ್ತದೆಯೇ? ಭಾನುವಾರ ಸುತ್ತವನ್ನು ಒಟ್ಟಿಗೆ ಓದುವಾಗ ಇದನ್ನೂ ಚರ್ಚಿಸೋಣ.

ಜೈಭೀಮ್.