ತಗ್ಗು

ಮಾಮಾ ಸುಟ್ಟಿಗೆ ಬಂದರೆ ನಾವು ಹುಡುಗರೆಲ್ಲ ಕಟ್ಟೆಯ ಮೇಲೆ ಮುತ್ತಿಕೊಂಡು ಕೇಳುತ್ತಿದ್ದುದು ಒಂದೇ ಮಾತು: ‘ಮಾಮಾ, ಯುದ್ಧದಾಗ ಎಷ್ಟ ಮಂದೀನ ಕೊಂದಿ?’

‘ಕತ್ತಲದಾಗ ಯಾರಿಗೆ ಗೊತ್ತಾಗತೈತೋ? ನಾನೂ ಹೊಡದೆ, ಬಾಜೂದವನೂ ಹೊಡದ’ ಎಂದು ಅವನು ಎಲೆಗೆ ಸುಣ್ಣ ಹಚ್ಚುತ್ತಿದ್ದ. ನಮಗೆ ಭಾರಿ ನಿರಾಸೆ. ಇಂಥ ಸಿಪಾಯಿ ನಮ್ಮ ಮನೆಗೇ ಗಂಟು ಬೀಳಬೇಕೇ!

ಬೆಳಗಾವಿಯ ಮರಾಠಾ ಸೆಂಟರಿನಲ್ಲಿ ಭರ್ತಿಯಾದವನು ಮಾಮಾ. ಸೇರಿದ್ದು ಮರಾಠಾ ಲೈಟ್ ಇನ್‌ಫೆಂಟ್ರಿಯ ಒಂದನೇ ಬಟಾಲಿಯನ್, ಅಂದರೆ ಜಂಗಿ ಪಲ್ಟನ್. 1971ರ ಡಿಸೆಂಬರಿನಲ್ಲಿ ಆ ಪಲ್ಟನ್ ಪೂರ್ವ ಪಾಕಿಸ್ತಾನದ ಜಮಾಲ್‌ಪುರದಲ್ಲಿತ್ತು. ಅಲ್ಲಿಯ ಕಥೆ ಪುಸ್ತಕಗಳಲ್ಲಿ ಬಂದಿದೆ. ಶರಣಾಗಿ ಎಂದು ನಮ್ಮ ಬ್ರಿಗೇಡಿಯರ್ ಕ್ಲೇರ್ ಪತ್ರ ಕಳಿಸಿದರು. ಎದುರಿನ ಕರ್ನಲ್ ಸುಲ್ತಾನ್ ಅಹ್ಮದ್ ಉತ್ತರದ ಜೊತೆಗೊಂದು ಗುಂಡನ್ನೂ ಇಟ್ಟು ಕಳಿಸಿದ. ಕಾಲೇಜಿನಲ್ಲಿದ್ದಾಗ ಇದನ್ನೋದಿ ರೋಮಾಂಚನಗೊಂಡು ಮಾಮಾನ ಬಳಿ ಓಡಿದೆ.

‘ಹೌದೇನು? ನಮಗ ಯಾರೂ ಹೇಳಲಿಲ್ಲ ನೋಡು’ ಎಂದ.

ಅವನಿಗೆ ಗೊತ್ತಿದ್ದುದು ಬೇರೆ. ಬ್ರಹ್ಮಪುತ್ರ ದಾಟಿ, ಊರನ್ನು ಬಳಸಿ, ದಕ್ಷಿಣದ ರಸ್ತೆಗೆ ಅಡ್ಡ ಬಂದು ಕೂತದ್ದು. ನಾಲ್ಕು ಕಿಲೋ ಮೀರಿದ ರೈಫಲ್, ಮದ್ದುಗುಂಡು, ಬೆನ್ನಿನ ಪಿಟ್ಟು, ಇಷ್ಟರ ಮೇಲೆ ಸಲಿಕೆ. ಮುಟ್ಟಿದ ಕೂಡಲೇ ತೋಡು ಎಂದರು. ಕೊಯ್ಲಾದ ಭತ್ತದ ಗದ್ದೆ, ಕೂಳೆ ಇನ್ನೂ ಹಾಗೇ ನಿಂತಿತ್ತಂತೆ. ಎರಡು ಮೊಳ ಇಳಿಯುವಷ್ಟರಲ್ಲಿ ತಳದಲ್ಲಿ ನೀರು ಜಿನುಗಿತು. ನಮ್ಮೂರ ಎರೆಹೊಲದಲ್ಲಿ ಅವನಪ್ಪ ಬಾವಿಗೆಂದು ಐವತ್ತು ಅಡಿ ತೋಡಿಸಿ ಸಾಲಗಾರನಾದವನು. ‘ಮೋರ್ಚಾ ಮರತ ಆ ನೀರು ಮುಟ್ಟಿ ನೋಡಿದ್ನಿ’ ಎನ್ನುವಾಗ ಮಾಮಾನ ಮುಖದಲ್ಲಿ ಆ ಬೆರಗು ಇನ್ನೂ ಇತ್ತು.

ರಾತ್ರಿ ಜಮಾಲ್‌ಪುರದ ಪಡೆ ತಪ್ಪಿಸಿಕೊಳ್ಳಲು ಅದೇ ದಾರಿಗೆ ನುಗ್ಗಿತು. ಮಾಮಾನಿಗೆ ಕಂಡದ್ದು ಹತ್ತು ಮಾರು ನೆಲ, ಕೇಳಿಸಿದ್ದು ಹವಾಲ್ದಾರನ ಬೈಗುಳ. ಬೆಳಗಾದಾಗ ಎದುರಿಗೆ ಹೆಣಗಳಿದ್ದವು. ಯಾವುದು ತನ್ನ ಗುಂಡಿಗೆ, ಯಾವುದು ಪಕ್ಕದವನ ಗುಂಡಿಗೆ?

ಅವನ ಉತ್ತರವನ್ನು ನಾನು ಬಹಳ ವರ್ಷ ಜಾರಿಕೊಳ್ಳುವ ಮಾತೆಂದೇ ತಿಳಿದಿದ್ದೆ. ಈಗ ಹಾಗನ್ನಿಸುವುದಿಲ್ಲ. ಜಾರಿಕೊಳ್ಳುವವನು ‘ನಾನಲ್ಲ’ ಎನ್ನುತ್ತಿದ್ದ, ಜಂಬದವನು ಒಂದು ಲೆಕ್ಕ ಹೇಳುತ್ತಿದ್ದ. ಕೊಂದೆ ಎನ್ನಲೂ ಆಗದ, ಕೊಂದಿಲ್ಲ ಎನ್ನಲೂ ಆಗದ ಜಾಗದಲ್ಲಿ ಮಾಮಾ ನಲವತ್ತು ವರ್ಷ ಕೂತಿದ್ದ. ಕತ್ತಲು ಅವನಿಗೆ ಕೊಟ್ಟ ರಿಯಾಯಿತಿಯೂ ಅದೇ, ಶಿಕ್ಷೆಯೂ ಅದೇ. ನಾವೋ, ಎಲೆಯ ತೊಟ್ಟು ಮುರಿಯುವ ಅವನ ಕೈ ಅರೆಗಳಿಗೆ ತಡೆಯುವುದನ್ನು ನೋಡಿಯೂ ಮತ್ತೆ ‘ಎಷ್ಟು’ ಎಂದೇ ಕೇಳುತ್ತಿದ್ದೆವು.

ಮುಂದೆ ಟಾಂಗೈಲ್ ಕಡೆ ನಡಿಗೆ. 16ನೇ ತಾರೀಖು ಢಾಕಾದಲ್ಲಿ ಶರಣಾಗತಿ. ಸುಮಾರು 93,000 ಜನ ಸೆರೆ, ಹೊಸದೊಂದು ದೇಶ. ಆ ಸುದ್ದಿ ಬಂದಾಗ ಏನು ಮಾಡಿದೆ ಎಂದು ಕೇಳಿದರೆ ಮಾಮಾ ಹೇಳಿದ್ದು, ‘ಬೂಟು ಬಿಚ್ಚಿದ್ನಿ.’ ಕಾಲುಚೀಲದ ಜೊತೆ ಹಿಮ್ಮಡಿಯ ಚರ್ಮವೂ ಬಂತಂತೆ.

ಅವನು ಹೋಗುವ ಹಿಂದಿನ ವರ್ಷ ನಕಾಶೆಯೊಂದನ್ನು ಒಯ್ದು ಅವನ ಮುಂದೆ ಹಾಸಿದೆ. ನದಿ, ರಸ್ತೆ, ಪಡೆಗಳ ಕೆಂಪು-ನೀಲಿ ಬಾಣಗಳು. ನನಗೆ ಎಲ್ಲ ಬಾಯಿಪಾಠ, ಒಂದೊಂದಾಗಿ ವಿವರಿಸಿದೆ. ಮಾಮಾ ಚಾಳೀಸು ಹಾಕಿಕೊಂಡು ಬಹಳ ಹೊತ್ತು ನೋಡಿದ. ಒಮ್ಮೆ ತಿರುಗಿಸಿಯೂ ನೋಡಿದ.

‘ಇದರಾಗ ಆ ಗದ್ದಿ ಎಲ್ಲೈತಿ?’

ತೋರಿಸಲು ನನ್ನಿಂದಾಗಲಿಲ್ಲ.

‘ಮುಂಜಾನೆ ಗಡಬಡೀಲೆ ಎದ್ದು ಹೊಂಟ್ವಿ. ತಗ್ಗು ಹಂಗ ಬಿಟ್ಟ ಬಂದ್ವಿ’ ಎಂದು ನಕಾಶೆ ಮಡಿಚಿ ನನ್ನ ಕೈಗಿಟ್ಟ. ‘ಪಾಪ, ಆ ಹೊಲದವ ಬಂದು ಮುಚ್ಚಿಕೊಂಡಿರಬೇಕು. ನಡುವ ಮೂರು ತಗ್ಗಿದ್ರ ಎತ್ತು ಹೆಂಗ ಹೊಡೀತಾನ?’