ಕಪಿ, ಪಿಕ, ಕ್ಯಾಟ್: ಅಕ್ಷರದಲ್ಲಿ ಅರ್ಥ ಎಲ್ಲಿರುತ್ತದೆ?

ಕ್, ಆ್ಯ, ಟ್ ಎಂಬ ಮೂರು ದನಿಗಳನ್ನು ಬಿಡಿಬಿಡಿಯಾಗಿ ಹೇಳಿಸಿ, ಆಮೇಲೆ ಕೂಡಿಸಿ ‘ಕ್ಯಾಟ್’ ಎಂದು ಓದಿಸುವ ಕ್ರಮಕ್ಕೆ ಫೋನಿಕ್ಸ್ ಎಂದು ಹೆಸರು. ಇಂಗ್ಲಿಷಿನ ಮೊದಲ ಓದಿಗೆ ಬೆಕ್ಕು, ನಾಯಿ, ಕೋಳಿ, ಹಂದಿಗಳ ಪುಟ್ಟ ಕತೆಗಳನ್ನು ಆರಿಸಿಕೊಳ್ಳುವುದು ವಾಡಿಕೆ. ಮಕ್ಕಳಿಗೆ ಪ್ರಾಣಿಗಳು ಪ್ರಿಯವೆಂಬುದು ಒಂದು ಕಾರಣ. ಕ್ಯಾಟ್, ಡಾಗ್, ಹೆನ್, ಪಿಗ್, ರ್‍ಯಾಟ್ ಎಲ್ಲವೂ ಮೂರೇ ದನಿಯ ಹೆಸರುಗಳು, ಕೂಡಿಸುವುದು ಸುಲಭ ಎಂಬುದು ಇನ್ನೊಂದು. ಆದರೆ ಆ ಮೂರು ದನಿಗಳಲ್ಲಿ ಯಾವ ಒಂದರಲ್ಲೂ ಬೆಕ್ಕಿಲ್ಲ. ಹಾಗಿದ್ದರೆ ಕೂಡಿಸಿದಾಗ ಬೆಕ್ಕು ಎಲ್ಲಿಂದ ಬಂತು? ಉಡುಪಿಯ ಯುಕೆಜಿ ತರಗತಿಯಲ್ಲಿ ಏಳಬಹುದಾದ ಈ ಪ್ರಶ್ನೆಯನ್ನು ಹಿಡಿದು ಭಾರತದ ದಾರ್ಶನಿಕರು ಶತಮಾನಗಟ್ಟಲೆ ವಾದ ಮಾಡಿದ್ದಾರೆ. ಅವರು ಕೊಟ್ಟ ಉದಾಹರಣೆಗಳಲ್ಲಿಯೂ ಪ್ರಾಣಿಗಳೇ ತುಂಬಿವೆ.

ಪತಂಜಲಿಯ ಮಹಾಭಾಷ್ಯ ಶುರುವಾಗುವುದೇ ಹಸುವಿನಿಂದ. ‘ಗೌಃ’ ಎಂದಾಗ ಶಬ್ದ ಯಾವುದು ಎಂದು ಕೇಳಿ, ಯಾವುದನ್ನು ಉಚ್ಚರಿಸಿದರೆ ಗಂಗೆದೊಗಲು, ಬಾಲ, ಹಿಣಿಲು, ಗೊರಸು, ಕೊಂಬುಗಳಿರುವ ಪ್ರಾಣಿಯ ಅರಿವಾಗುತ್ತದೆಯೋ ಅದೇ ಶಬ್ದ ಎಂದು ಆತ ಉತ್ತರಿಸುತ್ತಾನೆ. ಇದೇ ಪ್ರಶ್ನೆಗೆ ಮೀಮಾಂಸಕ ಶಬರಸ್ವಾಮಿಯ ಉತ್ತರ ಬೇರೆ. ಪ್ರಾಚೀನ ಆಚಾರ್ಯ ಉಪವರ್ಷನನ್ನು ನೆನೆದು ಆತ ಹೇಳುವುದು ಇಷ್ಟೇ: ಗಕಾರ, ಔಕಾರ, ವಿಸರ್ಗ ಈ ಮೂರೇ ಶಬ್ದ, ಇವುಗಳ ಆಚೆಗೆ ಇನ್ನೇನೂ ಇಲ್ಲ. ಫೋನಿಕ್ಸ್ ಶಿಕ್ಷಕಿ ಕರಿಹಲಗೆಯ ಮೇಲೆ ಮಾಡುವುದೂ ಇದನ್ನೇ. ಐದನೆಯ ಶತಮಾನದ ಭರ್ತೃಹರಿಗೆ ಈ ಉತ್ತರ ಒಪ್ಪಿಗೆಯಾಗಲಿಲ್ಲ. ದನಿಗಳು ಒಂದರ ಹಿಂದೆ ಒಂದು ಹುಟ್ಟಿ ಅಳಿಯುತ್ತವೆ. ಔಕಾರ ಬರುವಾಗ ಗಕಾರ ಇರುವುದಿಲ್ಲ. ಆದ್ದರಿಂದ ಅರ್ಥ ಕೊಡುವುದು ಬಿಡಿ ದನಿಯಲ್ಲ, ದನಿಗಳು ಬೆಳಗಿಸುವ ಅಖಂಡವಾದ ‘ಸ್ಫೋಟ’, ಅದರಲ್ಲೂ ಇಡೀ ವಾಕ್ಯ ಎಂಬುದು ಅವನ ಪಕ್ಷ. ಅಕ್ಷರ ಬಿಡಿಸುವುದನ್ನು ಬದಿಗಿಟ್ಟು ಇಡೀ ಕತೆಯನ್ನೇ ಓದಿಸಬೇಕು ಎನ್ನುವ ಇಂದಿನ ಶಿಕ್ಷಣತಜ್ಞರು ತಿಳಿಯದೆಯೇ ಭರ್ತೃಹರಿಯ ಪಂಗಡಕ್ಕೆ ಸೇರಿದವರು.

ವರ್ಣವಾದಿಗಳ, ಅಂದರೆ ಬಿಡಿ ದನಿಗಳೇ ಪದ ಎನ್ನುವವರ, ಪಕ್ಷವನ್ನು ಅತ್ಯಂತ ಚೊಕ್ಕವಾಗಿ ಮಂಡಿಸಿದವರಲ್ಲಿ ಶಂಕರರು ಒಬ್ಬರು. ಬ್ರಹ್ಮಸೂತ್ರದ ಒಂದನೆಯ ಅಧ್ಯಾಯದ ಮೂರನೆಯ ಪಾದದ ಭಾಷ್ಯದಲ್ಲಿ ಅವರು ಉಪವರ್ಷನ ಕಡೆ ನಿಂತು ಸ್ಫೋಟವನ್ನು ತಳ್ಳಿಹಾಕುತ್ತಾರೆ. ಅಲ್ಲಿ ಎದುರಾಳಿಯ ಆಕ್ಷೇಪ ಹೀಗಿದೆ: ವರ್ಣಗಳೇ ಪದವಾದರೆ ‘ಕಪಿ’ ಮತ್ತು ‘ಪಿಕ’ ಎರಡೂ ಒಂದೇ ಆಗಬೇಕು, ಅಕ್ಷರಗಳು ಅವೇ ಅಲ್ಲವೇ? ಶಂಕರರು ಇರುವೆಗಳನ್ನು ತೋರಿಸುತ್ತಾರೆ. ಇರುವೆಗಳು ಒಂದರ ಹಿಂದೊಂದು ಹೋದಾಗ ಮಾತ್ರ ಸಾಲೆಂಬ ಬುದ್ಧಿ ಹುಟ್ಟುತ್ತದೆ. ಹಾಗೆಯೇ ವರ್ಣಗಳು ಕ್ರಮದಲ್ಲಿ ಬಂದಾಗ ಪದ. ಕ್ರಮ ಬದಲಾದರೆ ಮಂಗ ಹೋಗಿ ಕೋಗಿಲೆ ಬರುತ್ತದೆ. ಇಂಗ್ಲಿಷಿನಲ್ಲಿ ‘ಟ್ಯಾಪ್’ ಮತ್ತು ‘ಪ್ಯಾಟ್’, ‘ನಿಪ್’ ಮತ್ತು ‘ಪಿನ್’ ಪದಗಳನ್ನು ಎದುರುಬದುರು ಇಟ್ಟು ಆಡಿಸುವ ಆಟಕ್ಕೆ ಇದಕ್ಕಿಂತ ಒಳ್ಳೆಯ ವಿವರಣೆ ಯಾವ ಶಿಕ್ಷಕರ ಕೈಪಿಡಿಯಲ್ಲೂ ಸಿಗಲಾರದು.

ಉಡುಪಿಯ ಮಣ್ಣಿನದೇ ಆದ ದ್ವೈತದರ್ಶನವೂ ಈ ವಿಷಯದಲ್ಲಿ ವರ್ಣವಾದದ ಪರ. ಹೆಚ್ಚಿನ ವಿಷಯಗಳಲ್ಲಿ ಶಂಕರರನ್ನು ಎದುರಿಸಿದ ಮಧ್ವಸಂಪ್ರದಾಯ ಇಲ್ಲಿ ಅವರ ಪಕ್ಕದಲ್ಲೇ ಕೂರುತ್ತದೆ. ಮಧ್ವರ ಪ್ರಕಾರ ವರ್ಣಗಳು ನಿತ್ಯ. ಬಾಯಿ ಅವುಗಳನ್ನು ಹುಟ್ಟಿಸುವುದಿಲ್ಲ, ಪ್ರಕಟಿಸುತ್ತದೆ ಅಷ್ಟೆ. ನಿತ್ಯವಾದವುಗಳಲ್ಲಿ ಹಿಂದುಮುಂದು ಹೇಗೆ ಎಂಬ ಪ್ರಶ್ನೆಗೆ, ಕ್ರಮ ಇರುವುದು ಬುದ್ಧಿಯಲ್ಲಿ ಎಂಬುದು ಉತ್ತರ. ಉಡುಪಿಗೆ ಹತ್ತಿರದ ಪಾಜಕದಲ್ಲಿ ಹುಟ್ಟಿದ ಮಧ್ವರ ಬಾಲ್ಯವನ್ನು ಹೇಳುವ ನಾರಾಯಣ ಪಂಡಿತಾಚಾರ್ಯರ ಸುಮಧ್ವವಿಜಯದಲ್ಲಿ ಅಕ್ಷರಾಭ್ಯಾಸದ ಒಂದು ಪ್ರಸಂಗ ಬರುತ್ತದೆ. ತಂದೆ ಹಿಂದಿನ ದಿನ ಬರೆಸಿದ ಅಕ್ಷರಗಳನ್ನೇ ಮರುದಿನವೂ ಬರೆದಾಗ, ನಿನ್ನೆ ಬರೆದದ್ದನ್ನೇ ಮತ್ತೆ ಏಕೆ ಬರೆಯುವುದು ಎಂದು ಬಾಲಕ ಕೇಳುತ್ತಾನೆ. ಭಕ್ತರು ಇದನ್ನು ಅವತಾರದ ಲಕ್ಷಣವೆಂದು ಓದುತ್ತಾರೆ. ಸಾಮಾನ್ಯ ಮಕ್ಕಳಿಗೆ ಮಾತ್ರ ನಿನ್ನೆಯದು ಇಂದೂ ಬೇಕು, ನಾಳೆಯೂ ಬೇಕು.

ದನಿಗಳನ್ನು ಕಲಿಸಲು ಪ್ರಾಣಿಗಳನ್ನು ಕರೆಯುವ ಪದ್ಧತಿಯೂ ಹೊಸದಲ್ಲ. ತೈತ್ತಿರೀಯೋಪನಿಷತ್ತಿನ ಶೀಕ್ಷಾವಲ್ಲಿ ವರ್ಣ, ಸ್ವರ, ಮಾತ್ರೆ, ಬಲ, ಸಾಮ, ಸಂತಾನ ಎಂದು ಉಚ್ಚಾರಣೆಯ ಆರು ವಿಷಯಗಳನ್ನು ಎಣಿಸುತ್ತದೆ. ಪಾಣಿನೀಯ ಶಿಕ್ಷೆ ಇನ್ನೂ ಮುಂದೆ ಹೋಗಿ ಮಾತ್ರೆಯನ್ನು ಅಳೆಯಲು ಪ್ರಾಣಿಪಕ್ಷಿಗಳ ಕೂಗನ್ನೇ ಕೊಡುತ್ತದೆ: ಚಾಷಪಕ್ಷಿಗೆ ಒಂದು ಮಾತ್ರೆ, ಕಾಗೆಗೆ ಎರಡು, ನವಿಲಿಗೆ ಮೂರು, ಮುಂಗುಸಿಗೆ ಅರ್ಧ. ಈ ಚಾಷವೇ ಇಂದು ಕರ್ನಾಟಕದ ರಾಜ್ಯಪಕ್ಷಿಯಾದ ನೀಲಕಂಠ. ವರ್ಣಗಳನ್ನು ಹೇಗೆ ಉಚ್ಚರಿಸಬೇಕು ಎಂಬುದಕ್ಕೂ ಅದೇ ಗ್ರಂಥ ಹೆಣ್ಣುಹುಲಿಯನ್ನು ತರುತ್ತದೆ. ಮರಿಯನ್ನು ಹಲ್ಲಿನಲ್ಲಿ ಕಚ್ಚಿ ಒಯ್ಯುವಾಗ ಅದು ಬೀಳದಂತೆ, ಹಲ್ಲು ನಾಟದಂತೆ ಹುಲಿ ನೋಡಿಕೊಳ್ಳುತ್ತದಲ್ಲ, ಹಾಗೆ. ಯುರೋಪಿನಲ್ಲಿ ಕೊಮೀನಿಯಸ್ ಎಂಬ ಪಾದ್ರಿ 1658ರಲ್ಲಿ ಪ್ರಕಟಿಸಿದ ಮಕ್ಕಳ ಸಚಿತ್ರ ಪುಸ್ತಕದ ಆರಂಭದಲ್ಲೂ ಕಾಗೆ, ಕುರಿಮರಿ, ಬಾತು, ತೋಳ, ಹಾವುಗಳ ಕೂಗಿನಿಂದಲೇ ಅಕ್ಷರ ಕಲಿಸುವ ಪಟ್ಟಿಯಿದೆ. ಇಂದಿನ ಜಾಲಿ ಫೋನಿಕ್ಸ್ ಪಾಠದಲ್ಲಿ ಮಗು ಕೈಯನ್ನು ಹಾವಿನಂತೆ ಹರಿಸುತ್ತ ‘ಸ್ಸ್’ ಎನ್ನುವುದು ಆ ಹಾವಿನ ವಂಶದ್ದೇ.

ದನಿ ಸರಿಯಾಗಿ ಬಂದರೆ ಓದು ಮುಗಿಯಿತೇ? ಯಾಸ್ಕನ ನಿರುಕ್ತದ ಮೊದಲ ಅಧ್ಯಾಯದಲ್ಲಿ ಕೌತ್ಸ ಎಂಬವನ ವಾದ ಬರುತ್ತದೆ. ಮಂತ್ರಗಳಿಗೆ ಅರ್ಥವಿಲ್ಲ, ಅವುಗಳ ಶಬ್ದಕ್ರಮ ಕೆಡದಂತೆ ಹೇಳುವುದೇ ಮುಖ್ಯ ಎಂಬುದು ಅವನ ನಿಲುವು. ಯಾಸ್ಕ ಇದನ್ನು ಖಂಡಿಸಿ, ವೇದವನ್ನು ಕಲಿತು ಅರ್ಥ ತಿಳಿಯದವನನ್ನು ಭಾರ ಹೊತ್ತು ನಿಂತ ಕಂಬಕ್ಕೆ ಹೋಲಿಸುತ್ತಾನೆ. ಮಧ್ವರು ಯಾಸ್ಕನ ಕಡೆಯವರು. ಋಗ್ವೇದದ ಮೊದಲ ನಲವತ್ತು ಸೂಕ್ತಗಳಿಗೆ ಅವರು ಬರೆದ ಋಗ್ಭಾಷ್ಯ ವೇದಕ್ಕೆ ಮೂರು ಮೂರು ಅರ್ಥಗಳಿವೆ ಎನ್ನುತ್ತದೆ. ಆದರೆ ವೇದಪಾಠಶಾಲೆಯ ದಿನಚರಿ ನೋಡಿದರೆ ಕೌತ್ಸನೂ ಪೂರ್ತಿ ಸೋತಿಲ್ಲ. ಎಳೆಯ ವಟು ಮೊದಲು ಸಂಹಿತೆಯನ್ನು ಬಾಯಿಪಾಠ ಮಾಡುತ್ತಾನೆ, ಪದಪಾಠದಲ್ಲಿ ಬಿಡಿಸುತ್ತಾನೆ, ಕ್ರಮಪಾಠದಲ್ಲಿ ಎರಡೆರಡಾಗಿ ಜೋಡಿಸುತ್ತಾನೆ. ಅರ್ಥ ಬರುವುದು ಬಹಳ ತಡವಾಗಿ. ಕೌತ್ಸನ ನೆರಳು ಇಂದಿನ ಶಾಲೆಯಲ್ಲೂ ಇದೆ. ಇಂಗ್ಲೆಂಡಿನಲ್ಲಿ 2012ರಿಂದ ಒಂದನೆಯ ತರಗತಿಯ ಮಕ್ಕಳಿಗೆ ನಡೆಸುವ ಫೋನಿಕ್ಸ್ ಪರೀಕ್ಷೆಯಲ್ಲಿ ಅರ್ಥವೇ ಇಲ್ಲದ ಹುಸಿಪದಗಳನ್ನೂ ಓದಿಸುತ್ತಾರೆ. ಊಹಿಸಿ ಓದುವ ಮಗುವೂ ದನಿ ಕೂಡಿಸಿ ಓದುವ ಮಗುವೂ ಅಲ್ಲಿ ಬೇರೆಯಾಗುತ್ತವೆ. ಓದಿನ ತೊಂದರೆಯಿರುವ ಮಕ್ಕಳನ್ನು ಪರೀಕ್ಷಿಸುವ ವಾಕ್-ಶ್ರವಣ ತಜ್ಞರು (ಮಣಿಪಾಲದಲ್ಲಿ ಈ ಶಾಸ್ತ್ರಕ್ಕೆ ಪ್ರತ್ಯೇಕ ವಿಭಾಗವೇ ಇದೆ) ಹುಸಿಪದಗಳನ್ನು ಬಳಸುವುದೂ ಇದೇ ಕಾರಣಕ್ಕೆ.

ಕಾರ್ಕಳದ ಕಡೆ ತಿರುಗಿದರೆ ಬೇರೆಯೇ ದರ್ಶನ ಎದುರಾಗುತ್ತದೆ. 1432ರಲ್ಲಿ ಪ್ರತಿಷ್ಠೆಯಾದ ಬಾಹುಬಲಿಯ, 1586ರ ಚತುರ್ಮುಖ ಬಸದಿಯ ಆ ಊರು ಜೈನರದು. ಶಬ್ದ ನಿತ್ಯವೆಂಬುದನ್ನು ಜೈನರು ಒಪ್ಪುವುದಿಲ್ಲ. ತತ್ತ್ವಾರ್ಥಸೂತ್ರದ ಪ್ರಕಾರ ಅದು ಪುದ್ಗಲದ, ಅಂದರೆ ಜಡದ್ರವ್ಯದ, ಒಂದು ಅವಸ್ಥೆ. ಇನ್ನೊಂದು ಕಡೆ ತೀರ್ಥಂಕರನ ದಿವ್ಯಧ್ವನಿಯ ಕಲ್ಪನೆಯಿದೆ. ದಿಗಂಬರ ಸಂಪ್ರದಾಯದಲ್ಲಿ ಅದಕ್ಕೆ ಅಕ್ಷರಗಳೇ ಇಲ್ಲ, ಆದರೂ ಸಮವಸರಣವೆಂಬ ಧರ್ಮಸಭೆಯಲ್ಲಿ ಕುಳಿತ ದೇವತೆಗಳು, ಮನುಷ್ಯರು, ಪಶುಪಕ್ಷಿಗಳು ಎಲ್ಲರಿಗೂ ತಮ್ಮ ತಮ್ಮ ಭಾಷೆಯಲ್ಲಿ ಅದು ತಿಳಿಯುತ್ತದೆ. ಉಡುಪಿಯ ದರ್ಶನದಲ್ಲಿ ಅಕ್ಷರವಿಲ್ಲದೆ ಅರ್ಥವಿಲ್ಲ. ಅಲ್ಲಿಂದ ಬಸ್ಸಿನಲ್ಲಿ ಒಂದು ಗಂಟೆಯ ದಾರಿಯ ಕಾರ್ಕಳದ ದರ್ಶನದಲ್ಲಿ ಪರಮ ಅರ್ಥಕ್ಕೆ ಅಕ್ಷರದ ಹಂಗಿಲ್ಲ. ಸಾಮಾನ್ಯ ಗುರುಗಳಿಗೆ ದಿವ್ಯಧ್ವನಿ ಇಲ್ಲ. ಕೇಳುವವರ ಮನೆಮಾತಿನಲ್ಲಿ ತಿಳಿಯಬೇಕು ಎಂಬ ಆದರ್ಶವಂತೂ ಅವರ ಕೈಗೆ ಎಟಕುವಂಥದೇ.

ಪದದ ಅರ್ಥ ಮಗುವಿಗೆ ಹೇಗೆ ತಿಳಿಯುತ್ತದೆ ಎಂಬುದರ ಬಗ್ಗೆಯೂ ಶಾಸ್ತ್ರಗಳಲ್ಲಿ ದೊಡ್ಡ ವಾದವಿದೆ. ಪ್ರಾಭಾಕರ ಮೀಮಾಂಸಕರದು ಕೊಟ್ಟಿಗೆಯ ದೃಶ್ಯ. ಹಿರಿಯನೊಬ್ಬ ‘ಹಸುವನ್ನು ತಾ’ ಎನ್ನುತ್ತಾನೆ, ಇನ್ನೊಬ್ಬ ತರುತ್ತಾನೆ. ‘ಹಸುವನ್ನು ಕಟ್ಟು’ ಎನ್ನುತ್ತಾನೆ, ಕಟ್ಟುತ್ತಾನೆ. ‘ಕುದುರೆಯನ್ನು ತಾ’ ಎನ್ನುತ್ತಾನೆ, ಈ ಸಲ ಬರುವುದು ಬೇರೆ ಪ್ರಾಣಿ. ಪಕ್ಕದಲ್ಲಿ ನಿಂತು ನೋಡುವ ಮಗು ವಾಕ್ಯದಲ್ಲಿ ಯಾವುದು ಉಳಿಯಿತು, ಯಾವುದು ಬದಲಾಯಿತು ಎಂಬುದನ್ನು ಹಿಡಿದು ಪದಗಳ ಅರ್ಥ ಬೇರ್ಪಡಿಸಿಕೊಳ್ಳುತ್ತದೆ. ರಾಮಾನುಜರೂ ಮಧ್ವರೂ ಇದಕ್ಕೆ ಒಪ್ಪದೆ, ಮಗುವಿಗೆ ಮೊದಲು ಅರ್ಥವಾಗುವುದು ಅಪ್ಪಣೆಯಿಂದಲ್ಲ, ಬೆರಳು ತೋರಿಸಿ ಇದು ಅಮ್ಮ, ಇದು ಅಪ್ಪ ಎಂದು ಹೇಳುವುದರಿಂದ ಎನ್ನುತ್ತಾರೆ. ಒಳ್ಳೆಯ ಪ್ರಾಣಿಕತೆಯ ಪುಸ್ತಕ ಎರಡನ್ನೂ ಮಾಡುತ್ತದೆ: ಚಿತ್ರ ಬೆರಳು ತೋರಿಸುತ್ತದೆ, ಒಂದೊಂದೇ ಪದ ಬದಲಾಗುವ ವಾಕ್ಯಗಳು ಕೊಟ್ಟಿಗೆಯ ಕೆಲಸ ಮಾಡುತ್ತವೆ.

ಕಾಪುವಿನ ಒಂದು ಮಗುವಿನ ಮುಂದೆ ಇಂಥ ಪಾಠವನ್ನು ಇಟ್ಟು ನೋಡಬಹುದು. ‘ಎ ಹೆನ್. ಎ ರೆಡ್ ಹೆನ್. ದ ರೆಡ್ ಹೆನ್ ಇಸ್ ಇನ್ ದ ಪೆನ್.’ ಮನೆಯಲ್ಲಿ ಕೋಳಿಗೆ ಕೋರಿ, ಬೆಕ್ಕಿಗೆ ಪುಚ್ಚೆ, ಹಂದಿಗೆ ಪಂಜಿ ಎನ್ನುವ ಮಗು ಇದನ್ನು ತಪ್ಪಿಲ್ಲದೆ ಓದೀತು. ಅದಕ್ಕೆ ಗೊತ್ತಿರುವ ಪೆನ್ನು ಮಾತ್ರ ಬರೆಯುವ ಪೆನ್ನು. ಕೆಂಪು ಕೋಳಿ ಪೆನ್ನಿನೊಳಗೆ ಹೇಗೆ ಹೊಕ್ಕಿತು? ಆ ಪದಕ್ಕೆ ಬೇಲಿಯ ಗೂಡು ಎಂಬ ಅರ್ಥವೂ ಉಂಟು ಎಂದು ಯಾವ ದನಿಯೂ ಹೇಳುವುದಿಲ್ಲ. ಇಂಗ್ಲಿಷ್ ಮನೆಮಾತಿನ ಮಗು ದನಿ ಕೂಡಿಸಿದ ಕೂಡಲೇ, ಮೊದಲೇ ಕಿವಿಗೆ ಬಿದ್ದಿದ್ದ ಪದ ಎದ್ದು ಬರುತ್ತದೆ. ತುಳು, ಕೊಂಕಣಿ, ಬ್ಯಾರಿ, ಕನ್ನಡ ಮನೆಗಳ ಮಗುವಿಗೆ ಎದ್ದು ಬರಲು ಅಲ್ಲಿ ಏನೂ ಇರುವುದಿಲ್ಲ. ಗಾಫ್ ಮತ್ತು ಟನ್ಮರ್ ಎಂಬ ಮನೋವಿಜ್ಞಾನಿಗಳು 1986ರಲ್ಲಿ ಓದನ್ನು ಒಂದು ಗುಣಾಕಾರವಾಗಿ ಬರೆದರು: ಅಕ್ಷರ ಬಿಡಿಸುವ ಶಕ್ತಿ ಗುಣಿಸು ಮಾತು ತಿಳಿಯುವ ಶಕ್ತಿ. ಯಾವ ಒಂದು ಸೊನ್ನೆಯಾದರೂ ಉತ್ತರ ಸೊನ್ನೆ. ಯಾಸ್ಕನ ಕಂಬವೂ ಅದೇ ಲೆಕ್ಕ.

ಕರಾವಳಿಯ ಮಗುವಿಗೆ ದನಿಯ ಕಡೆಯಿಂದಲೂ ಕೆಲವು ತೊಡಕುಗಳಿವೆ, ಕೆಲವು ಅನುಕೂಲಗಳೂ ಇವೆ. ಕನ್ನಡದ ‘ಕ’ದಲ್ಲಿ ವ್ಯಂಜನದ ಜೊತೆಗೆ ಅಕಾರ ಅಡಗಿ ಕುಳಿತಿದೆ. ಆ ರೂಢಿಯ ಮಗು ‘ಕ, ಆ, ಟ’ ಎಂದು ಹೇಳಿ ಎಷ್ಟು ಕೂಡಿಸಿದರೂ ‘ಕ್ಯಾಟ್’ ಆಗುವುದಿಲ್ಲ. ಹೇಗೋ ಕೂಡಿತೆಂದರೂ ಕೊನೆಗೊಂದು ಉಕಾರ ಅಂಟಿ ‘ಕ್ಯಾಟು’ ಆಗುತ್ತದೆ. ಕನ್ನಡ ಓದು ಕಲಿಯುವ ಮಕ್ಕಳನ್ನು ಅಧ್ಯಯನ ಮಾಡಿದ ಸೊನಾಲಿ ನಾಗ್ 2007ರಲ್ಲಿ ಪ್ರಕಟಿಸಿದ ಲೇಖನದ ಪ್ರಕಾರ, ಅಕ್ಷರಗಳ ಪೂರ್ಣ ಪರಿಚಯವಾಗುವುದಕ್ಕೆ ಹಲವು ವರ್ಷ ಹಿಡಿಯುತ್ತದೆ, ಬಿಡಿ ದನಿಯ ಪ್ರಜ್ಞೆಯೂ ನಿಧಾನವಾಗಿಯೇ ಬರುತ್ತದೆ. ಮದ್ದು ಕನ್ನಡ ವ್ಯಾಕರಣದಲ್ಲಿಯೇ ಇದೆ. ‘ರಾಮ’ ಎಂಬುದನ್ನು ರ್, ಆ, ಮ್, ಅ ಎಂದು ಬಿಡಿಸುವ ವರ್ಣವಿಚ್ಛೇದವನ್ನು ದೊಡ್ಡ ತರಗತಿಯವರೆಗೆ ಕಾಯಿಸದೆ, ಇಂಗ್ಲಿಷ್ ಶುರುವಾಗುವ ಹೊತ್ತಿಗೇ ಬಾಯಿಮಾತಿನ ಆಟವಾಗಿ ಆಡಿಸಿದರೆ ಅರ್ಧ ಕೆಲಸ ಆದಂತೆ. ‘ಕ್ಯಾಟ್’ನ ನಡುವಿನ ಸ್ವರಕ್ಕೆ ಕನ್ನಡದಲ್ಲಿ ಪ್ರತ್ಯೇಕ ಅಕ್ಷರವಿಲ್ಲ. ಆದರೆ ‘ನಾನು ಬರುತ್ತೇನೆ’ ಮತ್ತು ‘ಅವನು ಬರುತ್ತಾನೆ’ ಎಂಬುದನ್ನು ಕೊನೆಯ ಎಕಾರದ ಅಗಲದಿಂದಲೇ ಬೇರೆ ಮಾಡುವ ತುಳುವರ ಬಾಯಿಗೆ ಅದರ ಹತ್ತಿರದ ದನಿ ಚೆನ್ನಾಗಿ ರೂಢಿಯಿದೆ.

ಅಕ್ಷರಗಳ ಅನುಕ್ರಮದ ವಿಷಯದಲ್ಲಿ ಎರಡು ಭಾಷೆಗಳೂ ಒಂದೇ ಯುಕ್ತಿಗೆ ಬಂದಿವೆ. ಫೋನಿಕ್ಸ್ ಎ, ಬಿ, ಸಿ ಎಂದು ಹೊರಡದೆ ಸ್, ಆ್ಯ, ಟ್, ಇ, ಪ್, ನ್ ದನಿಗಳಿಂದ ಹೊರಡುತ್ತದೆ; ಸರ್ಕಾರಿ ಶಾಲೆಗಳ ನಲಿ-ಕಲಿ ಕ್ರಮದ ಕನ್ನಡ ಪಾಠ ಅ, ಆ, ಇ, ಈ ಎನ್ನದೆ ರ, ಗ, ಸ, ದ, ಅ ಎಂದು ತೊಡಗುತ್ತದೆ. ಕಲಿತ ನಾಲ್ಕೈದು ಅಕ್ಷರಗಳಿಂದಲೇ ‘ಸರ’, ‘ಅರಸ’, ‘ಗರಗಸ’ ಓದಲು ಬರಬೇಕು ಎಂಬುದೇ ಉದ್ದೇಶ. ಸರ್ಕಾರಿ ಕನ್ನಡ ಶಾಲೆಗಳಲ್ಲಿ 2007-08ರಿಂದ ಒಂದನೆಯ ತರಗತಿಯಲ್ಲೇ ಇಂಗ್ಲಿಷ್ ಒಂದು ಭಾಷೆಯಾಗಿ ಬಂದಿರುವುದರಿಂದ ಈ ಎರಡು ಪಾಠಗಳೂ ಈಗ ಒಂದೇ ಮಗುವಿನ ಚೀಲದಲ್ಲಿವೆ.

ಇಷ್ಟಾಗಿಯೂ ವರ್ಣವಾದ ಇಂಗ್ಲಿಷಿನಲ್ಲಿ ಒಂದು ಕಡೆ ಎಡವುತ್ತದೆ. ಆ ಭಾಷೆಗೆ 26 ಅಕ್ಷರ, ಸುಮಾರು 44 ದನಿ. ‘ದ’, ‘ವಾಸ್’, ‘ಒನ್’, ‘ಸೆಡ್’ ಪದಗಳ ಕಾಗುಣಿತವನ್ನು ದನಿಗೆ ದನಿ ಹಚ್ಚಿ ಓದಿದರೆ ಸರಿಯಾದ ಉಚ್ಚಾರಣೆ ಬರುವುದಿಲ್ಲ, ಪ್ರಾಣಿಕತೆಯ ಮೊದಲ ಪುಟದಿಂದಲೇ ಇವು ಎದುರಾಗುತ್ತವೆ. ಇಂಥವನ್ನು ಇಡಿಯಾಗಿಯೇ ಗುರುತಿಸಲು ಕಲಿಸಬೇಕು. ಇಲ್ಲಿ ಭರ್ತೃಹರಿಗೆ ಸ್ವಲ್ಪ ಜಾಗ ಬಿಡಲೇಬೇಕು. ಉಳಿದ ಬಹುಪಾಲು ಪದಗಳಲ್ಲಿ ಉಪವರ್ಷನ ದಾರಿ ಸರಿ. ಪಾಠದ ಅನುಕ್ರಮ ಮಾತ್ರ ಬದಲಾಗಬೇಕು. ಉಡುಪಿ, ಮಣಿಪಾಲ, ಕಾರ್ಕಳ, ಕಾಪುಗಳ ತರಗತಿಗಳಲ್ಲಿ ಕೆಂಪು ಕೋಳಿಯ ಕತೆಯನ್ನು ಮೊದಲು ಮಗುವಿನ ಮನೆಮಾತಿನಲ್ಲಿ ಹೇಳಬೇಕು, ಆಮೇಲೆ ಚಿತ್ರ ತೋರಿಸುತ್ತ ಇಂಗ್ಲಿಷಿನಲ್ಲಿ ಕೇಳಿಸಬೇಕು, ಹೆನ್ ಎಂದರೆ ಕೋರಿ ಎಂಬುದು ಕಿವಿಗೆ ಹತ್ತಿದ ಮೇಲಷ್ಟೇ ಹ್, ಎ, ನ್ ಎಂದು ಕರಿಹಲಗೆಯ ಮೇಲೆ ಬಿಡಿಸಬೇಕು.